ಮರದ ಮಿಲ್ಲುಗಳ ನಮ್ಮ ಪೇಟೆ ಬರಿದಾದದ್ದು ಯಾವುದರಿಂದ?

ಗ್ರಂಥಾಲಯದ ಕಪಾಟು
ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಇನ್ನೂ ಮೂಡಕ್ಕೆ, ಕರ್ನಾಟಕದ ಗಡಿಗೆ ಹತ್ತಿರದಲ್ಲಿರುವ ನಮ್ಮ ಪೇಟೆಯಲ್ಲಿ ಉಳಿದಿದ್ದ ಕೊನೆಯ ಮರದ ಮಿಲ್ಲಿನ ಮಾಡನ್ನು ಕಳೆದ ವಾರ ಬಿಚ್ಚಿದರು. ಊರಿನ ಹೆಸರನ್ನು ಬರೆಯುವುದಿಲ್ಲ. ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತಾಗದೆ ಇರುವುದಿಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಅಂದರೆ 1980ರ ಸುಮಾರಿಗೆ, ಅರ್ಧ ಮೈಲಿನೊಳಗೆ ನಾಲ್ಕು ಮಿಲ್ಲುಗಳಿದ್ದವು. ಬೆಳಿಗ್ಗೆ ಎಂಟಕ್ಕೆ ಕೂಗುತ್ತಿದ್ದ ಸೈರನ್ನು ಕೇಳಿ ಮನೆಯ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿದ್ದರು. ಶನಿವಾರ ಬಟವಾಡೆಯಾದ ಮೇಲೆ ಹೋಟೆಲಿಗೆ ಹೋದವರಿಗೆ ಗೋಳಿಬಜೆ ಸಿಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮಿಲ್ಲಿನ ಧಣಿಗಳು ಸೇರಿ ಕೊಯ್ಲಾದ ಗದ್ದೆಯಲ್ಲಿ ಬಯಲಾಟ ಆಡಿಸುತ್ತಿದ್ದರು. ಈಗ ಅದೇ ಸಾಲಿನಲ್ಲಿ ಒಂದು ಅಕ್ಷಯ ಕೇಂದ್ರ, ಎರಡು ಕೋಳಿ ಅಂಗಡಿಗಳು ಮತ್ತು ಬೀಗ ಹಾಕಿದ ಕೋಣೆಗಳಿವೆ.

ನಮ್ಮ ಗ್ರಂಥಾಲಯದ ಸ್ಮರಣ ಸಂಚಿಕೆಗೆ ಈ ಪೇಟೆಯ ಏಳುಬೀಳಿನ ಬಗ್ಗೆ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಸುಪ್ರೀಂ ಕೋರ್ಟು 1996ರಲ್ಲಿ ಮಿಲ್ಲುಗಳನ್ನು ಮುಚ್ಚಿಸಿದ್ದರಿಂದಲೇ ಊರು ಬಿದ್ದಿತು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹಾಗೆಯೇ ಬರೆಯಲು ಕುಳಿತಿದ್ದೆ. ಅದು ಸರಿಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಲಾರಿ ಅಣ್ಣ
ಸರಿ. ಕೋರ್ಟಿನಿಂದಲೇ. ಇದರಲ್ಲಿ ಚರ್ಚಿಸಲು ಏನೂ ಇಲ್ಲ.

ಹಳೆಯ ಗುಮಾಸ್ತ
ಚರ್ಚಿಸಲು ಇದೆ. ಅರಣ್ಯ ಕಚೇರಿಯಲ್ಲಿ ಕಡತ ಹೊತ್ತವನಾಗಿ ಹೇಳುತ್ತೇನೆ. ತಾವು ಹೇಳುತ್ತಿರುವುದು ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣ, ರಿಟ್ ಅರ್ಜಿ 202/1995. ಅದರಲ್ಲಿ 1996ರ ಡಿಸೆಂಬರ್ 12ರಂದು ಬಂದ ಆದೇಶವು, ಕಾಗದದಲ್ಲಿ ಯಾರ ಹೆಸರಿನಲ್ಲಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡು ಎನಿಸುವ ಯಾವುದೇ ಜಾಗದಲ್ಲಿ ಕೇಂದ್ರದ ಅನುಮತಿಯಿಲ್ಲದೆ ನಡೆಯುವ ಕಾಡಿಗೆ ಸಂಬಂಧಪಡದ ಕೆಲಸಗಳೆಲ್ಲ, ಮರದ ಮಿಲ್ಲು, ಪ್ಲೈವುಡ್ ಮಿಲ್ಲು ಸೇರಿದಂತೆ, ಕೂಡಲೇ ನಿಲ್ಲಬೇಕು ಎಂದಿತು. ತಮ್ಮ ಪೇಟೆಯ ಮಿಲ್ಲುಗಳು ಇದ್ದದ್ದು ಕಾಡಿನೊಳಗಲ್ಲ, ಬಸ್‌ಸ್ಟ್ಯಾಂಡಿನ ಹಿಂದಿನ ಪಟ್ಟಾ ಜಾಗದಲ್ಲಿ. ಆ ಆದೇಶದ ಹೊಡೆತ ಅವುಗಳಿಗೆ ನೇರವಾಗಿ ಬೀಳಲಿಲ್ಲ. ಪರವಾನಗಿ ಇದ್ದವರು ಕೆಲಸ ಮುಂದುವರಿಸಿದರು.

ಅವುಗಳಿಗೆ ತಟ್ಟಿದ್ದು 2002ರ ಅಕ್ಟೋಬರಿನ ಇನ್ನೊಂದು ಆದೇಶ. ಸುಪ್ರೀಂ ಕೋರ್ಟೇ ನೇಮಿಸಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿಯ (ಸಿಇಸಿ) ಅನುಮತಿಯಿಲ್ಲದೆ ಯಾವ ರಾಜ್ಯವೂ ಹೊಸ ಮಿಲ್ಲಿಗೆ ಪರವಾನಗಿ ಕೊಡಬಾರದು ಎಂದದ್ದು ಅದೇ. ಅದರಿಂದ ಇದ್ದ ಮಿಲ್ಲು ಸಾಯಲಿಲ್ಲ, ಸತ್ತ ಮಿಲ್ಲಿನ ಜಾಗದಲ್ಲಿ ಹೊಸದು ಹುಟ್ಟಲಿಲ್ಲ, ಅಷ್ಟೆ.

ಗ್ರಂಥಾಲಯದ ಕಪಾಟು
ಹಾಗಾದರೆ ನಾಲ್ಕರಲ್ಲಿ ಎರಡು 1996ಕ್ಕೆ ಮೊದಲೇ ಮುಚ್ಚಿದ್ದವು ಎಂಬುದನ್ನು ನಾನು ಗಮನಿಸಬೇಕಿತ್ತು. ನಾಚಿಕೆಯಾಗುತ್ತಿದೆ.

ನಿವೃತ್ತ ಮೇಷ್ಟ್ರು
ನಾಚಿಕೆ ಬೇಡ, ಆದರೆ ಬೀಳುವುದನ್ನು ಬರೆಯುವ ಮೊದಲು ಏಳುವುದನ್ನು ಬರೆಯಿರಿ. ನಮ್ಮ ಕಾಸರಗೋಡು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡದ ತಾಲೂಕಾಗಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಹುಲ್ಲಿನ ಮಾಡಿಗೆ ಬಿದಿರು, ಅಡಿಕೆ ಸಲಾಕೆ ಸಾಕು, ಹಂಚಿಗೆ ಸಾಲದು. ಹಂಚಿನ ಅಡಿಬದಿಯ ಮೂಗು ಸಿಕ್ಕಿಕೊಳ್ಳಲು ಸುಮಾರು ಒಂದಡಿಗೊಂದರಂತೆ ಒಂದೇ ದಪ್ಪದ ರೀಪು, ಎಂದರೆ ತೆಳು ಮರದ ಪಟ್ಟಿ, ಬೇಕು, ಅದರ ಕೆಳಗೆ ಪಕ್ಕಾಸು ಬೇಕು, ಪಕ್ಕಾಸಿಗೆ ತೊಲೆ ಬೇಕು. ಕೈಗರಗಸದಲ್ಲಿ ಇಬ್ಬರು, ಒಬ್ಬ ಮೇಲೆ ಒಬ್ಬ ಗುಂಡಿಯಲ್ಲಿ ನಿಂತು, ದಿನವಿಡೀ ಎಳೆದರೂ ಒಂದು ಮನೆಯ ರೀಪು ಮುಗಿಯುತ್ತಿರಲಿಲ್ಲ. ಮಿಲ್ಲು ಹುಟ್ಟಿದ್ದು ಆ ರೀಪಿನಿಂದ. ಕಾಡು ಹತ್ತಿರವಿತ್ತು ಎನ್ನುವುದು ಎರಡನೆಯ ಕಾರಣ.

ಲಾರಿ ಅಣ್ಣ
ಮೇಷ್ಟ್ರೇ, ರೀಪಿನಿಂದ ನಾಲ್ಕು ಮಿಲ್ಲು ನಡೆಯುತ್ತದೆಯೇ? ನಾನು ಹೊತ್ತ ಲೋಡುಗಳಲ್ಲಿ ಕಾಲು ಭಾಗವೂ ರೀಪು ಇರಲಿಲ್ಲ. ಮೀನಿನ ಪೆಟ್ಟಿಗೆಯ ಹಲಗೆ ಮಂಗಳೂರು ದಕ್ಕೆಗೆ ಹೋಗುತ್ತಿತ್ತು. ಮಾವು, ಹಾಲೆ, ಬೂರುಗದ ದಿಮ್ಮಿಗಳು ವಳಪಟ್ಟಣದ ಪ್ಲೈವುಡ್ ಕಾರ್ಖಾನೆಯ ಕಡೆಗೆ ಹೋಗುತ್ತಿದ್ದವು. ಕಿರಾಲುಬೋಗಿ, ಮರುವದಂತಹ ಗಟ್ಟಿ ಮರ ರೈಲಿನ ಸ್ಲೀಪರಿಗೆ ಹೋದ ಕಾಲವೂ ಇತ್ತು ಎಂದು ನನಗಿಂತ ಹಿರಿಯ ಚಾಲಕರು ಹೇಳುತ್ತಿದ್ದರು.

ನಿವೃತ್ತ ಮೇಷ್ಟ್ರು
ಒಪ್ಪಿದೆ. ಆದರೆ ತಾವೇ ಯೋಚಿಸಿ, ಆ ಮೂರರಲ್ಲಿ ಎಷ್ಟು ಉಳಿದಿವೆ? ಮೀನಿಗೆ ಪ್ಲಾಸ್ಟಿಕ್ ಕ್ರೇಟು ಮತ್ತು ಥರ್ಮಾಕೋಲು ಬಂತು. ರೈಲಿಗೆ ಕಾಂಕ್ರೀಟಿನ ಸ್ಲೀಪರು ಬಂತು. ಕೋರ್ಟು ಇದ್ಯಾವುದನ್ನೂ ತರಲಿಲ್ಲ.

ಕಲ್ಲಾಯಿಯಲ್ಲಿ ಓದಿದವನು
ಈ ಚರ್ಚೆಯಲ್ಲಿ ಕಲ್ಲಾಯಿಯ ಮಾತು ಬಾರದಿರುವುದು ಆಶ್ಚರ್ಯ. ಕೋಝಿಕೋಡಿನಲ್ಲಿ ಓದುತ್ತಿದ್ದಾಗ ನನ್ನ ಕೋಣೆ ಕಲ್ಲಾಯಿ ಹೊಳೆಯ ಬದಿಯಲ್ಲಿತ್ತು. ಒಂದು ಕಾಲದಲ್ಲಿ ಪ್ರಪಂಚದ ದೊಡ್ಡ ಮರದ ಪೇಟೆಗಳಲ್ಲಿ ಒಂದೆಂದು ಹೆಸರಾಗಿದ್ದ ಜಾಗ ಅದು. ನೀಲಂಬೂರಿನ ಕಡೆಯಿಂದ ಚಾಲಿಯಾರ್ ಹೊಳೆಯಲ್ಲಿ ಮರ ತೇಲಿ ಬರುತ್ತಿತ್ತು. ಹಸಿ ತೇಗ ನೀರಿನಲ್ಲಿ ಸುಲಭವಾಗಿ ತೇಲುವುದಿಲ್ಲ, ಅದಕ್ಕೆ ಬಿದಿರಿನ ಕಟ್ಟುಗಳನ್ನು ಜೋಡಿಸಿ ತೆಪ್ಪ ಮಾಡಬೇಕು. ಆ ತೇಗದ ತೋಟವನ್ನು ಮಲಬಾರಿನ ಕಲೆಕ್ಟರ್ ಕೊನೊಲಿ 1840ರ ದಶಕದಲ್ಲಿ ನೆಡಿಸಿದ್ದು, ನೆಟ್ಟು ಬೆಳೆಸಿದ ಕೆಲಸ ಚಾತು ಮೇನೋನರದ್ದು. ಅಂತಹ ಕಲ್ಲಾಯಿಯಲ್ಲಿಯೇ ಮಿಲ್ಲುಗಳು ಒಂದರ ನಂತರ ಒಂದು ನಿಂತವು. ಹೊಳೆಯಲ್ಲಿ ಹೂಳು, ದಡದಲ್ಲಿ ಖಾಲಿ ಶೆಡ್ಡುಗಳು. ಹೊಳೆ, ರೈಲು, ಕಡಲು ಎಲ್ಲ ಇದ್ದ ಪೇಟೆಯೇ ತಾಳಲಿಲ್ಲವಾದರೆ, ಗುಡ್ಡದ ಮೇಲಿನ ನಾಲ್ಕು ಮಿಲ್ಲುಗಳು ತಾಳುವುದು ಹೇಗೆ?

ಇನ್ನೊಂದು ಸಂಗತಿ. ಆ ಕೋರ್ಟಿನ ಪ್ರಕರಣದ ಗೋದಾವರ್ಮನ್ ತಿರುಮುಲ್ಪಾಡರು ನೀಲಂಬೂರು ಕೋವಿಲಗದವರು, ಅಂದರೆ ಅಲ್ಲಿನ ಅರಸು ಮನೆತನದವರು. ಗೂಡಲೂರಿನ ಕಾಡು ಕಡಿಯುವುದನ್ನು ನೋಡಲಾಗದೆ ಅರ್ಜಿ ಹಾಕಿದರು. ಕಲ್ಲಾಯಿಗೆ ಮರ ಹೋದದ್ದೂ ನೀಲಂಬೂರಿನಿಂದ, ಮರ ಕಡಿಯಬಾರದೆಂದು ದೆಹಲಿಗೆ ಹೋದದ್ದೂ ನೀಲಂಬೂರಿನಿಂದ.

ಅಡಿಕೆ ತೋಟ
ನಮ್ಮ ಅಜ್ಜ ಹೇಳುತ್ತಿದ್ದ ಪ್ರಕಾರ ಮಳೆಗಾಲದಲ್ಲಿ ಪಯಸ್ವಿನಿಯಲ್ಲಿಯೂ ಬಿದಿರು, ಮರ ತೇಲಿ ಹೋಗುತ್ತಿತ್ತು. ಅದಿರಲಿ, ಮಿಲ್ಲಿನವರ ಬಗ್ಗೆ ಇಷ್ಟು ಕಣ್ಣೀರು ಯಾಕೆ? ಅಜ್ಜನ ಹಲಸಿನ ಮರವನ್ನು ಅವರು ಅಳತೆ ಮಾಡಿದ ರೀತಿಯನ್ನು ನಾನು ಮರೆತಿಲ್ಲ. ಹತ್ತು ಅಡಿ ಉದ್ದ, 80 ಇಂಚು ಸುತ್ತಳತೆಯ ದಿಮ್ಮಿಗೆ 27 ಚಿಲ್ಲರೆ ಘನ ಅಡಿ ಎಂದು ಬರೆದರು. ಇಂಜಿನಿಯರಿಂಗ್ ಓದುವಾಗ ನಾನು ಲೆಕ್ಕ ಹಾಕಿದರೆ 35ಕ್ಕಿಂತ ಹೆಚ್ಚು ಬಂತು. ಎಂಟು ಅಡಿ ಎಲ್ಲಿ ಹೋಯಿತು?

ಹಳೆಯ ಗುಮಾಸ್ತ
ಎಲ್ಲಿಯೂ ಹೋಗಲಿಲ್ಲ, ಅದು ಕಾಲು ಸುತ್ತಳತೆಯ ಲೆಕ್ಕ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಬೇಕು. 80ರ ಕಾಲು 20. 20ನ್ನು 20ರಿಂದ, ಮತ್ತೆ 10ರಿಂದ ಗುಣಿಸಿ, ಚದರ ಇಂಚನ್ನು ಚದರ ಅಡಿಯಾಗಿಸಲು 144ರಿಂದ ಭಾಗಿಸಿದರೆ 27.8. ನಿಜವಾದ ಗಾತ್ರದ ನೂರರಲ್ಲಿ 78.5 ಪಾಲು ಮಾತ್ರ ಇದರಲ್ಲಿ ಬರುತ್ತದೆ. ಉರುಟು ಮರವನ್ನು ಚೌಕ ಮಾಡುವಾಗ ತೊಗಟೆ, ಅಂಚಿನ ಸೀಳು, ಹುಡಿ ಎಂದು ನಷ್ಟವಾಗುವುದನ್ನು ಮೊದಲೇ ಕಳೆಯುವ ಕ್ರಮ ಇದು. ಅರಣ್ಯ ಇಲಾಖೆಯವರೂ ಹೀಗೆಯೇ ಅಳೆಯುತ್ತಿದ್ದರು. ನಿಮ್ಮ ಅಜ್ಜನಿಗೆ ಮೋಸವಾಗಿಲ್ಲ.

ಅಡಿಕೆ ತೋಟ
ಅಂಚಿನ ಸೀಳನ್ನು ಸೌದೆಗೆ ಮಾರಿದರು, ಹುಡಿಯನ್ನು ಗೋಣಿಗೆ ಇಷ್ಟೆಂದು ಮಾರಿದರು. ನಷ್ಟವೆಂದು ಕಳೆದದ್ದಕ್ಕೂ ಬೆಲೆ ಬಂದಿತು, ಆ ಬೆಲೆ ಅಜ್ಜನಿಗೆ ಬರಲಿಲ್ಲ. ಇದಕ್ಕೆ ತಾವು ಬೇರೆ ಹೆಸರು ಕೊಡಬಹುದು, ನಾನು ಕೊಡುವುದಿಲ್ಲ.

ಬೋವಿಕ್ಕಾನದ ಅಕ್ಕ
ಹುಡಿಯ ಮಾತು ಬಂದದ್ದರಿಂದ ನಾನೂ ಬರೆಯುತ್ತೇನೆ, ಇಲ್ಲಿ ಎಲ್ಲರೂ ಗಂಡಸರೇ ಮಾತನಾಡುತ್ತಿದ್ದೀರಿ. ಮಿಲ್ಲಿನ ಹುಡಿಯಲ್ಲಿ ಎಷ್ಟು ಮನೆಗಳ ಅನ್ನ ಬೆಂದಿದೆ ಎಂದು ಸಂಚಿಕೆಯಲ್ಲಿ ಒಂದು ಸಾಲನ್ನಾದರೂ ಹಾಕಬೇಕು. ತಗಡಿನ ಹುಡಿ ಒಲೆಯ ನಡುವೆ ಒಂದು ಉರುಟು ಕೋಲು ನಿಲ್ಲಿಸಿ, ಸುತ್ತಲೂ ಹುಡಿಯನ್ನು ಗುದ್ದಿ ಗುದ್ದಿ ತುಂಬಿ, ಕೋಲನ್ನು ತಿರುಗಿಸುತ್ತಾ ಮೆಲ್ಲನೆ ಎಳೆಯಬೇಕು. ಅವಸರ ಮಾಡಿದರೆ ತೂತು ಕುಸಿಯುತ್ತದೆ, ಮತ್ತೆ ಮೊದಲಿನಿಂದ. ಸರಿಯಾಗಿ ತುಂಬಿದ ಒಲೆ ಬೆಳಿಗ್ಗೆ ಹೊತ್ತಿಸಿದರೆ ಕುಚ್ಚಲಕ್ಕಿಯ ಗಂಜಿ, ಪದಾರ್ಥ, ಬಾಣಂತಿಯ ಬಿಸಿನೀರು ಮುಗಿಯುವ ತನಕ ಉರಿಯುತ್ತಿತ್ತು. ಹಲಸಿನ ಹುಡಿ ಒಳ್ಳೆಯದು. ಹಸಿ ಮರದ ಹುಡಿ ಹೊಗೆಯಿಂದ ಕಣ್ಣು ಕೀಳುತ್ತಿತ್ತು. ಅಮ್ಮ ನನ್ನನ್ನು ಗೋಣಿ ಕೊಟ್ಟು ಕಳುಹಿಸುವಾಗ ಯಾವ ಮರ ಕೊಯ್ಯುತ್ತಿದ್ದಾರೆಂದು ನೋಡಿಯೇ ತುಂಬಿಸಿಕೋ ಎನ್ನುತ್ತಿದ್ದರು. ಗ್ಯಾಸ್ ಬಂದ ಮೇಲೆ ಆ ಹುಡಿ ಮಿಲ್ಲಿನ ಹಿಂದೆ ಗುಡ್ಡೆಯಾಗಿ ಕೊಳೆಯತೊಡಗಿತು.

ಲಾರಿ ಅಣ್ಣ
ಅಕ್ಕಾ, ನಮ್ಮಲ್ಲಿ ಕೋಲಿನ ಬದಲು ಸೋಡಾ ಬಾಟಲಿ ನಿಲ್ಲಿಸುತ್ತಿದ್ದರು.

ಸುಳ್ಯದ ಕಡೆಯವ
ಎಲ್ಲರೂ ಹೇಳಲು ಹೆದರುವುದನ್ನು ನಾನು ಹೇಳುತ್ತೇನೆ. ನಿಮ್ಮ ಮಿಲ್ಲುಗಳನ್ನು ಮುಚ್ಚಿಸಿದ್ದು ಯೂನಿಯನ್. ನನ್ನ ಮಾವನವರು ಮನೆ ಕಟ್ಟುವಾಗ ನಿಮ್ಮ ಕಡೆಯಿಂದ ಬಾಗಿಲಿನ ಮರ ತಂದಿದ್ದರು. ತಾವೇ ಆಳು ಕರೆದುಕೊಂಡು ಹೋಗಿ ತುಂಬಿಸಿದರೂ, ನೋಡುತ್ತಾ ನಿಂತವರಿಗೆ ಕೂಲಿ ಕೊಡಬೇಕಾಯಿತು. ಮರುಸಲ ಅವರು ಗಡಿ ದಾಟಲಿಲ್ಲ, ಇಲ್ಲಿಯೇ ಕೊಯ್ಯಿಸಿದರು.

ಅಟ್ಟಿಮರಿ ಮಗ
ಮಾನ್ಯರೇ, ನನ್ನ ತಂದೆ ಇಪ್ಪತ್ತಾರು ವರ್ಷ ಅದೇ ಪೇಟೆಯಲ್ಲಿ ದಿಮ್ಮಿ ಹೊತ್ತವರು, ಆದುದರಿಂದ ಉತ್ತರ ಕೊಡುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ. ನೋಕ್ಕುಕೂಲಿ, ಎಂದರೆ ನೋಡುತ್ತಾ ನಿಂತದ್ದಕ್ಕೆ ಕೇಳುವ ಕೂಲಿ, ತಪ್ಪು, ಅದನ್ನು ಕೇರಳ ಸರ್ಕಾರವೇ 2018ರ ಮೇ 1ರಂದು ರದ್ದುಪಡಿಸಿತು, ಅದರ ಪರವಾಗಿ ನಾನು ವಾದಿಸುವುದಿಲ್ಲ. ಆದರೆ 1978ರ ಹೊರೆಯಾಳುಗಳ ಕಾನೂನು ಬರುವ ಮೊದಲಿನ ಸ್ಥಿತಿಯನ್ನು ತಾವು ನೋಡಿಲ್ಲ. ಕಿರಾಲುಬೋಗಿಯ ದಿಮ್ಮಿ ಉರುಳಿ ಕಾಲು ಮುರಿದವನಿಗೆ ಧಣಿ ಒಂದು ಸೇರು ಅಕ್ಕಿ ಕಳುಹಿಸಿದರೆ ಅದೇ ಪರಿಹಾರವಾಗಿತ್ತು. ಟ್ರಾಲಿಯ ಮೇಲೆ ದಿಮ್ಮಿಯನ್ನು ಕೂರಿಸಿ ಬ್ಯಾಂಡ್ ಸಾ ಎಂಬ ಯಂತ್ರಗರಗಸದ ಬಾಯಿಗೆ ತಳ್ಳುವಾಗ ಒಳಗೆ ಹಳೆಯ ಮೊಳೆ ಇದ್ದರೆ ಬ್ಲೇಡು ತುಂಡಾಗಿ ಹಾವಿನ ಹಾಗೆ ಹಾರುತ್ತದೆ. ದೇವಸ್ಥಾನದ ಬದಿಯ ಮಾವಿನ ಮರಕ್ಕೆ ಯಾರೋ ಎಂದೋ ಹೊಡೆದ ಮೊಳೆಯಿಂದ ನಮ್ಮ ಚಿಕ್ಕಪ್ಪನ ಬಲಗೈಯ ಎರಡು ಬೆರಳು ಹೋಯಿತು. ಕೂಲಿ ಹೆಚ್ಚಾದದ್ದರಿಂದ ಮಿಲ್ಲು ಮುಚ್ಚಿತೆಂದರೆ, ಕೂಲಿ ಇದಕ್ಕಿಂತ ಕಡಿಮೆಯಿಲ್ಲದ ಪೆರುಂಬಾವೂರಿನಲ್ಲಿ ಪ್ಲೈವುಡ್ ಕಾರ್ಖಾನೆಗಳು ಸಾಲುಗಟ್ಟಿ ನಿಂತಿರುವುದು ಹೇಗೆ?

ಸುಳ್ಯದ ಕಡೆಯವ
ಅಲ್ಲಿ ದುಡಿಯುವವರು ಬಂಗಾಳ, ಅಸ್ಸಾಮಿನವರು.

ಅಟ್ಟಿಮರಿ ಮಗ
ಅವರೂ ಕೂಲಿ ತೆಗೆದುಕೊಂಡೇ ದುಡಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಕೊಯ್ಯುವ ಮರ ಯಾವುದೆಂದು ನೋಡಿ: ರಬ್ಬರ್. ನಮ್ಮ ಗುಡ್ಡಗಳ ಹಳೆಯ ರಬ್ಬರ್ ಮರಗಳು ಕಡಿದ ದಿನವೇ ಲಾರಿ ಹತ್ತಿ ತೆಂಕಕ್ಕೆ ಹೋಗುತ್ತವೆ.

ಹಳೆಯ ಗುಮಾಸ್ತ
ಇದು ಸರಿಯಾದ ಮಾತು. ರಬ್ಬರ್ ಮರ ಕಡಿದ ಕೆಲವೇ ದಿನಗಳಲ್ಲಿ ನೀಲಿಗಟ್ಟುತ್ತದೆ, ಹುಳ ಹಿಡಿಯುತ್ತದೆ, ಬೋರಾನಿನ ದ್ರಾವಣದಲ್ಲಿ ಸಂಸ್ಕರಿಸದೆ ಪೀಠೋಪಕರಣಕ್ಕೆ ಬಾರದು. ನಮ್ಮ ಪೇಟೆಯ ಮಿಲ್ಲುಗಳಲ್ಲಿ ಅದಕ್ಕೆ ಬೇಕಾದ ತೊಟ್ಟಿಯೂ ಇರಲಿಲ್ಲ, ಒಣಗಿಸುವ ಕೋಣೆಯೂ ಇರಲಿಲ್ಲ, ಹಾಕುವ ಬಂಡವಾಳವೂ ಇರಲಿಲ್ಲ. ಕಾಡಿನ ಮರಕ್ಕೆ ಕಟ್ಟಿದ ಮಿಲ್ಲು ತೋಟದ ಮರಕ್ಕೆ ಹೊಂದಿಕೊಳ್ಳಲಿಲ್ಲ.

ಕಾಡಿನ ಮರ ಬರುವುದು ನಿಂತದ್ದು ಯಾವಾಗ ಎಂಬುದನ್ನೂ ದಾಖಲಿಸಿ. ಮದ್ರಾಸ್ ಸರ್ಕಾರದ 1949ರ ಖಾಸಗಿ ಅರಣ್ಯ ಸಂರಕ್ಷಣಾ ಕಾನೂನು ಮಲಬಾರ್ ಮತ್ತು ದಕ್ಷಿಣ ಕನ್ನಡ ಎರಡಕ್ಕೂ ಅನ್ವಯಿಸುತ್ತಿತ್ತು. ಖಾಸಗಿ ಕಾಡಿನಲ್ಲಿ ಕಡಿಯಲು ಕಲೆಕ್ಟರರ ಅನುಮತಿ ಬೇಕಿತ್ತು. 1971ರಲ್ಲಿ ಕೇರಳ ಸರ್ಕಾರ ಖಾಸಗಿ ಕಾಡುಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1956ರಲ್ಲಿ ಕಾಸರಗೋಡನ್ನು ಮಲಬಾರ್ ಜಿಲ್ಲೆಗೆ ಸೇರಿಸಿದ್ದರಿಂದ ನಾವೂ ಅದರೊಳಗೆ ಬಂದೆವು. ಭೂಮಿ ಹೋಗುತ್ತದೆಂಬ ಸುಳಿವು ಸಿಕ್ಕ ಜಮೀನ್ದಾರರು ಅದಕ್ಕೆ ಮೊದಲೇ ಕಡಿದು ಮಾರಿದರು. ಮಿಲ್ಲುಗಳ ಭರಾಟೆ ಎಂದು ಹಿರಿಯರು ಹೇಳುವುದರಲ್ಲಿ ಒಂದಂಶ ಈ ಅವಸರದ ಕಡಿತ. ಅದನ್ನು ಸಂಪತ್ತು ಎನ್ನುವುದಕ್ಕಿಂತ ದಿವಾಳಿಗೆ ಮುಂಚಿನ ಮಾರಾಟ ಎನ್ನುವುದು ಸರಿ.

ಗ್ರಂಥಾಲಯದ ಕಪಾಟು
ಆದರೆ 1971ರಲ್ಲಿ ಕಾಡಿನ ಮರ ಬರುವುದು ನಿಂತಿತಾದರೆ, 1980ರಲ್ಲಿ ನಾನು ಕಂಡ ನಾಲ್ಕು ಮಿಲ್ಲುಗಳು ಏನನ್ನು ಕೊಯ್ಯುತ್ತಿದ್ದವು?

ಆಚಾರಿ ಮನೆ
ಬಾಗಿಲು ಕೊಯ್ಯುತ್ತಿದ್ದವು ಸ್ವಾಮಿ. ಇಷ್ಟು ಹೊತ್ತು ಓದಿದೆ, ಯಾರೂ ಪರ್ಷ್ಯದ, ಅಂದರೆ ಗಲ್ಫಿನ, ಹೆಸರು ಎತ್ತಲಿಲ್ಲ. ನಮ್ಮ ತಂದೆಯವರಿಗೆ ಆ ಹತ್ತು ವರ್ಷಗಳಲ್ಲಿ ಬಂದಷ್ಟು ಕೆಲಸ ಮೊದಲೂ ಬಂದಿರಲಿಲ್ಲ, ಮತ್ತೆಯೂ ಬರಲಿಲ್ಲ. ಮಗ ದುಬೈಗೆ ಹೋದ ಎರಡನೆಯ ವರ್ಷಕ್ಕೆ ಮನೆಯವರು ಬಂದು ಮುಂಬಾಗಿಲಿಗೆ ತೇಗ, ಒಳಬಾಗಿಲಿಗೆ ಹಲಸು, ಕಿಟಕಿಗೆ ಮರುವ ಎಂದು ಪಟ್ಟಿ ಹೇಳುತ್ತಿದ್ದರು. ಮರವೆಲ್ಲ ಹಿತ್ತಿಲಿನದು, ತೋಟದ ಅಂಚಿನದು, ತೋಟಕ್ಕೆ ತಾಗಿದ ಸರ್ಕಾರಿ ಕುಮ್ಕಿ ಜಾಗದ್ದು. ಕಾಡಿನ ಮರಕ್ಕಿಂತ ಹಿತ್ತಿಲಿನ ಮರ ಕೊಯ್ಯುವುದು ಕಷ್ಟ, ಮೊಳೆ ಇರುತ್ತದೆ, ಗಂಟು ಇರುತ್ತದೆ. ಆದರೂ ಮಿಲ್ಲಿನ ಮುಂದೆ ಪಾಳಿ ಹಚ್ಚಿ ಕಾಯಬೇಕಿತ್ತು.

ಅದೇ ಪರ್ಷ್ಯದ ಹಣ ಮಿಲ್ಲಿನ ಕುತ್ತಿಗೆಯನ್ನೂ ಹಿಡಿಯಿತು. ಹೊಸ ಮನೆಗಳಿಗೆ ಹಂಚು ಬೇಡವಾಯಿತು, ತಾರಸಿ ಬೇಕಾಯಿತು. ತಾರಸಿಗೆ ರೀಪಿಲ್ಲ, ಪಕ್ಕಾಸಿಲ್ಲ, ತೊಲೆಯಿಲ್ಲ. ಒಂದು ಹಂಚಿನ ಮನೆಗೆ ಬೇಕಾಗುವ ಮರದಲ್ಲಿ ಬಾಗಿಲು, ಕಿಟಕಿ ಸಣ್ಣ ಪಾಲು. ದೊಡ್ಡ ಪಾಲು ಮಾಡಿಗೆ ಹೋಗುತ್ತದೆ, ಇದನ್ನು ಯಾವ ಆಚಾರಿಯನ್ನು ಕೇಳಿದರೂ ಹೇಳಿಯಾನು. ಮೇಷ್ಟ್ರು ಹೇಳಿದ ರೀಪಿನ ಮಾತು ಅದಕ್ಕೇ ಸರಿ. ಬಾಗಿಲು ಉಳಿಯಿತು, ಅದಕ್ಕೂ ಆಮೇಲೆ ಸಿಮೆಂಟಿನ ದಾರಂದ ಬಂತು, ಕಬ್ಬಿಣದ ಬಾಗಿಲು ಬಂತು. ನಾನು ಈಗ ಅಲ್ಯುಮಿನಿಯಂ ಕೆಲಸ ಮಾಡುತ್ತಿದ್ದೇನೆ, ಹೇಳಿಕೊಳ್ಳಲು ಸಂಕೋಚವಿಲ್ಲ.

ದೋಹಾದಿಂದ
ಆಚಾರಿಗಳೇ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ತಂದೆ ಎರಡನೆಯ ಮಿಲ್ಲಿನಲ್ಲಿ ಗರಗಸಕ್ಕೆ ಸಾಣೆ ಹಿಡಿಯುತ್ತಿದ್ದರು. ಅರದಿಂದ ಒಂದೊಂದೇ ಹಲ್ಲನ್ನು ಉಜ್ಜಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಬಾಗಿಸುವ ಕೆಲಸ. ಆ ಬಾಗು ತಪ್ಪಿದರೆ ಮರದ ನಡುವೆ ಬ್ಲೇಡು ಸಿಕ್ಕಿ ಬಿಸಿಯಾಗುತ್ತದೆ. ನಾನು ಕಳುಹಿಸಿದ ಮೊದಲ ದೊಡ್ಡ ಮೊತ್ತದಲ್ಲಿ ನಮ್ಮ ಹಂಚಿನ ಮನೆಯನ್ನು ಕೆಡವಿ ತಾರಸಿ ಹಾಕಿಸಿದೆವು. ಗೃಹಪ್ರವೇಶಕ್ಕೆ ಮಿಲ್ಲಿನವರೆಲ್ಲ ಬಂದು ಉಂಡು ಹೋದರು. ಆ ಮಿಲ್ಲು ನಿಂತದ್ದು ಅದರ ಮೂರು ವರ್ಷಗಳ ಬಳಿಕ.

ಅಡಿಕೆ ತೋಟ
ತಮ್ಮದೊಂದು ಮನೆಯಿಂದ ಮಿಲ್ಲು ನಿಲ್ಲಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಮ್ಮದೂ ತಾರಸಿಯೇ. ಮೇಲೆ ತಗಡಿನ ಮಾಡು ಬೇರೆ, ಅಡಿಕೆ ಒಣಗಿಸಲು.

ಕಲ್ಲಾಯಿಯಲ್ಲಿ ಓದಿದವನು
ಹೊರದೇಶದ ಮರವನ್ನೂ ಸೇರಿಸಿಕೊಳ್ಳಿ. ಮಲೇಶಿಯಾ, ಬರ್ಮಾದ ದಿಮ್ಮಿಗಳು ಹಡಗಿನಲ್ಲಿ ಮಂಗಳೂರಿಗೆ ಬಂದಿಳಿಯತೊಡಗಿದ ಮೇಲೆ ಬಂದರಿನ ಬಳಿಯ ಮಿಲ್ಲಿಗೆ ಲಾಭ, ಗುಡ್ಡದ ಮಿಲ್ಲಿಗೆ ಲಾರಿ ಬಾಡಿಗೆ. ಬರ್ಮಾ 2014ರ ಏಪ್ರಿಲಿನಲ್ಲಿ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು, ಆದರೆ ಅಷ್ಟರಲ್ಲಿ ನಿಮ್ಮ ಪೇಟೆಯಲ್ಲಿ ಉಳಿದಿದ್ದದ್ದು ಒಂದೇ ಮಿಲ್ಲು ಎಂದು ತೋರುತ್ತದೆ.

ಲಾರಿ ಅಣ್ಣ
ಆಗಲಿ, ಕೋರ್ಟಿನ ಪಾಲು ರೂಪಾಯಿಗೆ ನಾಲ್ಕಾಣೆ ಎಂದು ಒಪ್ಪುತ್ತೇನೆ, ಅದಕ್ಕಿಂತ ಕಡಿಮೆ ಒಪ್ಪುವುದಿಲ್ಲ. ಮರ ಸಾಗಿಸುವ ಪಾಸಿಗಾಗಿ ರಾತ್ರಿಯಿಡೀ ಚೆಕ್‌ಪೋಸ್ಟಿನಲ್ಲಿ ನಿಂತವನು ನಾನು. ಹಿತ್ತಿಲಿನ ಹಲಸಿಗೂ ಕಾಗದ ಕೇಳುತ್ತಿದ್ದರು. ಆ ಕಿರಿಕಿರಿಯಿಂದಲೇ ಎಷ್ಟೋ ಮಂದಿ ಮರ ಮಾರುವುದನ್ನು ಬಿಟ್ಟರು.

ಹಳೆಯ ಗುಮಾಸ್ತ
ಕಿರಿಕಿರಿ ಇತ್ತು, ಅದರಲ್ಲಿ ನನ್ನ ಪಾಲೂ ಇತ್ತು. 2005ರ ಕಾನೂನು ಬಂದ ಮೇಲೆ ಕೇರಳದಲ್ಲಿ ತನ್ನ ಜಾಗದ ಹೆಚ್ಚಿನ ಮರಗಳನ್ನು ಕಡಿಯಲು ಮಾಲೀಕನಿಗೆ ಸಡಿಲಿಕೆ ಸಿಕ್ಕಿತು, ಗಂಧದಂತಹವನ್ನು ಬಿಟ್ಟು. ಮಿಲ್ಲಿಗೆ ಅದರಿಂದ ಜೀವ ಬಂದಿತೇ ಎಂದರೆ, ಇಲ್ಲ. ಹಾಗಿರುವಾಗ ತಮ್ಮ ನಾಲ್ಕಾಣೆಯನ್ನು ಎರಡಾಣೆ ಮಾಡಿಕೊಳ್ಳಬಹುದಲ್ಲ.

ಲಾರಿ ಅಣ್ಣ
ಮೂರಾಣೆ. ಮುಗಿಯಿತು.

ಗ್ರಂಥಾಲಯದ ಕಪಾಟು
ಎಲ್ಲರಿಗೂ ಕೃತಜ್ಞತೆಗಳು. ಬರೆದಿಟ್ಟಿದ್ದ ಮೊದಲ ಪುಟವನ್ನು ಹರಿದೆ, ಲೇಖನವನ್ನು ರೀಪಿನಿಂದಲೇ ಆರಂಭಿಸುತ್ತೇನೆ. ಅಕ್ಕ ಹೇಳಿದ ಹುಡಿ ಒಲೆಗೆ ಒಂದು ಸಾಲಲ್ಲ, ಒಂದು ಪುಟ ಕೊಡುತ್ತೇನೆ. ಕೊನೆಯ ಮಿಲ್ಲಿನ ಮಾಡಿನಿಂದ ಇಳಿಸಿದ ತೊಲೆಗಳು ಎಲ್ಲಿಗೆ ಹೋದವೆಂದು ಯಾರಿಗಾದರೂ ತಿಳಿದಿದ್ದರೆ ತಿಳಿಸಿ, ಚಿತ್ರ ಬೇಕಿತ್ತು.

ಸುಳ್ಯದ ಕಡೆಯವ
ಕೊಂಡವನು ನಾನು. ಮನೆಯ ಹಿಂದೆ ಅತಿಥಿಗಳಿಗಾಗಿ ಹಂಚಿನ ಮಾಡಿನ ಎರಡು ಕೋಣೆ ಕಟ್ಟಿಸುತ್ತಿದ್ದೇನೆ, ಬೆಂಗಳೂರಿನವರು ಅದನ್ನೇ ಕೇಳುತ್ತಾರೆ. ಕಿರಾಲುಬೋಗಿಯ ಏಳು ತೊಲೆಗಳು, ಒಂದರಲ್ಲಿಯೂ ಹುಳದ ತೂತಿಲ್ಲ. ಬಂದು ಚಿತ್ರ ತೆಗೆದುಕೊಳ್ಳಿ. ತುಂಬಿಸಿದವರಿಗೆ ಕೂಲಿಯನ್ನು ಮಾತನಾಡಿಯೇ ಕೊಟ್ಟಿದ್ದೇನೆ, ಅಟ್ಟಿಮರಿಯವರ ಮಗನಿಗೆ ತಿಳಿದಿರಲಿ.

ಅಡಿಕೆ ತೋಟ
ಅಳತೆ ಹೇಗೆ ಹಾಕಿದರು?

ಸುಳ್ಯದ ಕಡೆಯವ
ಕಣ್ಣಂದಾಜು. ಅದರಲ್ಲಿ ಎಷ್ಟು ಅಡಿ ಯಾರಿಗೆ ಹೋಯಿತೆಂದು ನನ್ನನ್ನು ಕೇಳಬೇಡಿ.